ನಲವತ್ತೊಂದನೇ ರ‍್ಯಾಂಕು ಮತ್ತು ಒಂದು ಫ್ಲೆಕ್ಸು

ಈ ಕೈಯಿಂದ ಎಷ್ಟು ಮಕ್ಕಳಿಗೆ ಸೊನ್ನೆ ದಾನ ಮಾಡಿದ್ದೇನೋ ನನಗೇ ನೆನಪಿಲ್ಲ. ರಾಯದುರ್ಗದ ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸುವವಳು ನಾನು. ಕೆಂಪು ಪೆನ್ನಿನಲ್ಲಿ ದುಂಡಗೆ ಒಂದು ಸೊನ್ನೆ ಸುತ್ತಿ, ಕೆಳಗೆ ಎರಡು ಗೆರೆ ಎಳೆದರೆ ದೊಡ್ಡದೊಂದು ನ್ಯಾಯ ತೀರ್ಮಾನ ಮಾಡಿದ ಸಮಾಧಾನವಾಗುತ್ತಿತ್ತು. ಅದನ್ನು ಮನೆಗೆ ಒಯ್ದ ಮಗು ಊಟ ಮಾಡಿತೋ ಇಲ್ಲವೋ ಎಂದು ಒಂದು ದಿನವೂ ಯೋಚಿಸಿದವಳಲ್ಲ. ಈಗ ಯೋಚಿಸುತ್ತೇನೆ. ನಮ್ಮ ಮನೆಗೇ ಒಂದು ಸೊನ್ನೆ ಬಂದು ಮೂರು ವಾರ ಪಡಸಾಲೆಯಲ್ಲಿ ಕೂತಿತ್ತು. ಆಮೇಲೆ ಬಂದ ಬುದ್ಧಿ ಇದು.

ಆ ಸೊನ್ನೆಯನ್ನು ತಂದವಳು ನನ್ನ ತಂಗಿ ಸರೋಜಳ ಮಗಳು ಭಾರತಿ. ನಮ್ಮ ತವರು ಮಡಕಶಿರದ ಕಡೆ. ನಾನು ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಸರೋಜ ಊರಲ್ಲಿ ಕೆಲಸ ಸಾಲದೆ, ಇಲ್ಲಿ ಜೀನ್ಸ್ ಹೊಲಿಯುವವರಿಗೆ ವರ್ಷವಿಡೀ ಕೆಲಸವಿದೆ ಎಂದು ಕೇಳಿ, ಮಗಳ ಕೈ ಹಿಡಿದುಕೊಂಡು ಆಮೇಲೆ ಬಂದು ನಮ್ಮ ಮನೆಯಲ್ಲೇ ಉಳಿದಳು. ಬಾಗಿಲಿಗೊಂದು ಮೆಷಿನ್ನಿನ ಸದ್ದು ಕೇಳುವ ಊರು ಇದು. ನನ್ನ ಯಜಮಾನರಿಗೂ ಆ ಮೆಷಿನ್ನುಗಳಿಂದಲೇ ಅನ್ನ. ಅವರದು ಜಿಪ್ಪು, ಗುಂಡಿ, ದಾರದ ಅಂಗಡಿ.

ಭಾರತಿ ಟೆನಿಸ್‌ಗೆ ಹೋದದ್ದು ನನ್ನ ಶಾಲೆಯಿಂದಲೇ. ಅನಂತಪುರದ ಒಂದು ಕ್ರೀಡಾ ಹಾಸ್ಟೆಲಿನವರು ಮಕ್ಕಳನ್ನು ಆರಿಸಲು ಬಂದಿದ್ದರು. ಎಸೆದ ಚೆಂಡನ್ನು ಉಳಿದ ಮಕ್ಕಳೆಲ್ಲ ಕೈಯಲ್ಲಿ ಹಿಡಿದರು. ಇವಳು ಪರೀಕ್ಷೆ ಬರೆಯುವ ಪ್ಯಾಡಿನಿಂದ ಹೊಡೆದು ಹೆಡ್‌ಮಾಸ್ಟರ ಕೋಣೆಯ ಕಿಟಕಿಗೆ ಕಳಿಸಿದಳು. ಗಾಜು ಒಡೆಯಿತು, ಹುಡುಗಿ ಆಯ್ಕೆಯಾದಳು. ಪ್ಯಾಡಿನ ಮೇಲೆ ಅವಳು ಗಣಿತ ಮಾಡಿದ್ದಕ್ಕಿಂತ ಇದೇ ವಾಸಿ ಎಂದುಕೊಂಡೆ.

ಏಳು ವರ್ಷ ಕಳೆದ ಮೇಲೆ ಒಂದು ದಿನ ಅವಳು ಫೋನ್ ಮಾಡಿ, ಹದಿನೆಂಟರೊಳಗಿನ ಹುಡುಗಿಯರ ಪಟ್ಟಿಯಲ್ಲಿ ದೇಶಕ್ಕೆ ನಲವತ್ತೊಂದನೆಯವಳಾಗಿದ್ದೇನೆ ಎಂದಳು. ನಮ್ಮ ಕಡೆಯ ಜನಕ್ಕೆ ರ‍್ಯಾಂಕು ಎಂದರೆ ಏನೆಂದು ನಿಮಗೆ ಗೊತ್ತಿರಬೇಕು. ಊರಿನ ಯಾವ ಚೌಕಕ್ಕೆ ಹೋದರೂ ಕಾಲೇಜುಗಳ ಫ್ಲೆಕ್ಸು, ಒಂದೊಂದರಲ್ಲೂ ಅಂಚೆಚೀಟಿ ಗಾತ್ರದ ಐವತ್ತು ಮುಖ, ಮುಖಕ್ಕೊಂದು ರ‍್ಯಾಂಕು. ಇಲ್ಲಿ ರ‍್ಯಾಂಕು ಒಮ್ಮೆ ಬಂದರೆ ಮುಗಿಯಿತು, ಮದುವೆ ಮಾತುಕತೆಯವರೆಗೂ ಅದು ಜೊತೆಗೇ ಬರುತ್ತದೆ. ಹೀಗಾಗಿ ನಮ್ಮ ಯಜಮಾನರು ಅವತ್ತೇ ಫ್ಲೆಕ್ಸಿಗೆ ಹೇಳಿ ಬಂದರು. ಎಂಟಡಿ ಅಗಲ. ನಡುವೆ ರ‍್ಯಾಕೆಟ್ ಹಿಡಿದ ಭಾರತಿ, ಮೂಲೆಯಲ್ಲಿ ಕೈಮುಗಿದ ಅವರು, ಇನ್ನೊಂದು ಮೂಲೆಯಲ್ಲಿ ಕನ್ನಡಕದ ನಾನು. ಜಿಪ್ಪಿನ ಅಂಗಡಿಯ ಹೆಸರು ಭಾರತಿಯ ಹೆಸರಿಗಿಂತ ಒಂದು ಬೆರಳು ದೊಡ್ಡದಾಗಿತ್ತು ಎಂಬುದನ್ನು ಆಗ ಯಾರೂ ಗಮನಿಸಲಿಲ್ಲ.

ಫ್ಲೆಕ್ಸು ಕಟ್ಟಿದ ನಾಲ್ಕನೇ ದಿನ ಭಾರತಿ ಅರುವತ್ತಮೂರನೆಯವಳಾದಳು. ಅವಳು ಆ ವಾರ ಆಡಿಯೇ ಇರಲಿಲ್ಲ. ಆಡದವಳು ಸೋಲುವುದು ಹೇಗೆ? ಯಾರೋ ಅಂಕ ಕದ್ದಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಗಣಿತದವರ ಮನೆಯ ಅಂಕವನ್ನೇ ಕದಿಯುವ ಧೈರ್ಯ! ಬಿಳಿ ಹಾಳೆಯಲ್ಲಿ, ನಾಲ್ಕು ಪುಟ, ಮರು ಎಣಿಕೆ ಕೋರಿ ಅರ್ಜಿ ಬರೆದೆ. ‘ಮಾನ್ಯರೇ’ ಎಂದು ಶುರುಮಾಡಿ, ಅಗತ್ಯ ಬಿದ್ದರೆ ಉತ್ತರಪತ್ರಿಕೆಯ ಪ್ರತಿಯನ್ನೂ ಒದಗಿಸಬೇಕು ಎಂದು ಮುಗಿಸಿದ್ದೆ. ಟೆನಿಸ್‌ಗೆ ಉತ್ತರಪತ್ರಿಕೆ ಎಲ್ಲಿಂದ ಬರಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಅರ್ಜಿ ಹಾಸ್ಟೆಲಿನ ಕೋಚ್ ಸರ್ ಕೈ ಸೇರಿತು. ಆತ ಒಳ್ಳೆಯವನು. ನಗಲಿಲ್ಲ, ನಕ್ಕಿದ್ದರೂ ಫೋನಿನಲ್ಲಿ ಕೇಳಿಸಲಿಲ್ಲ.

ಅವನು ವಿವರಿಸಿದ್ದು ಹೀಗೆ. ಈ ಆಟದಲ್ಲಿ ಗೆದ್ದ ಅಂಕಕ್ಕೆ ಐವತ್ತೆರಡು ವಾರ ಆಯುಸ್ಸು. ಹೋದ ವರ್ಷ ಇದೇ ವಾರ ಭಾರತಿ ಒಂದು ಟೂರ್ನಮೆಂಟಿನಲ್ಲಿ ಸೆಮಿಫೈನಲ್ ತನಕ ಹೋಗಿದ್ದಳು. ಈ ವರ್ಷ ಆ ಅಂಕಗಳು ವಯಸ್ಸಾಗಿ ಉದುರಿಹೋದವು. ಉಳಿದುಕೊಳ್ಳಬೇಕಾದರೆ ಮತ್ತೆ ಅಷ್ಟೇ ಗೆಲ್ಲಬೇಕು, ಮೇಲೇರಬೇಕಾದರೆ ಇನ್ನೂ ಹೆಚ್ಚು ಗೆಲ್ಲಬೇಕು. ನಮ್ಮ ಯಜಮಾನರು ಬಾಯಿ ತೆರೆದು ಕೇಳಿಸಿಕೊಂಡು, “ಯಾಕ್ರಿ ಹಂಗ? ಅಂಕ ಏನು ಹಾಲೇನ್ರಿ, ಕೆಡಾಕ?” ಎಂದರು. ಮೂವತ್ತು ವರ್ಷದ ಹಿಂದಿನ ನನ್ನ ಬಿ.ಎಡ್. ರ‍್ಯಾಂಕನ್ನು ಇವತ್ತಿಗೂ ಬಂದವರಿಗೆಲ್ಲ ಹೇಳುವವಳು ನಾನು. ಅದಕ್ಕೂ ಐವತ್ತೆರಡೇ ವಾರ ಎಂದು ಯಾರಾದರೂ ಕಾನೂನು ಮಾಡಿದ್ದರೆ ನನ್ನ ಬಳಿ ಮಾತಾಡಲು ಏನು ಉಳಿಯುತ್ತಿತ್ತು?

ಕೋಚ್ ಸರ್ ಇನ್ನೊಂದು ಮಾತೂ ಹೇಳಿದ. ಹದಿನೆಂಟು ದಾಟಿದ ಮೇಲೆ ಕಿರಿಯರ ಪಟ್ಟಿಯಲ್ಲಿ ಜಾಗವಿಲ್ಲ, ಅಲ್ಲಿಯ ಅಂಕ ಹೆಂಗಸರ ಪಟ್ಟಿಗೆ ಬರುವುದೂ ಇಲ್ಲ. ಅದಕ್ಕೇ ಜಾಣರು ಹದಿನಾರಕ್ಕೇ ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಡುತ್ತಾರೆ. ದೊಡ್ಡವರೊಡನೆ ಆಡಿ ಸೋತು ಸೋತು ಒಂದೊಂದೇ ಅಂಕ ಕೂಡಿಡುತ್ತಾರೆ. ಭಾರತಿಯನ್ನೂ ಈಗಲೇ ಅಲ್ಲಿಗೆ ಕಳಿಸೋಣ ಎಂದ.

ಇಲ್ಲಿ ನಾನು ತಪ್ಪು ಮಾಡಿದೆ. ಬೇಡ, ಮೊದಲು ನಲವತ್ತೊಂದಕ್ಕೆ ವಾಪಸ್ ಬರಲಿ ಎಂದೆ. ಚೌಕದಲ್ಲಿ ಎಂಟಡಿ ಸುಳ್ಳು ನೇತಾಡುತ್ತಿದೆ, ದಿನಾ ಅದರ ಕೆಳಗೇ ಶಾಲೆಗೆ ಹೋಗುವವಳು ನಾನು. ಭಾರತಿ ನನ್ನ ಮಾತಿಗೆ ಎದುರಾಡುವವಳಲ್ಲ. ವರ್ಷವಿಡೀ ಕಿರಿಯರ ಜೊತೆಯೇ ಆಡಿ, ಡಿಸೆಂಬರಿಗೆ ಸರಿಯಾಗಿ ನಲವತ್ತೊಂದಕ್ಕೆ ಬಂದು ನಿಂತಳು. ಫ್ಲೆಕ್ಸು ನಿಜವಾಯಿತು. ಜನವರಿಯ ಹೊಸ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ವಯಸ್ಸು ಮೀರಿತ್ತು. ಹೆಂಗಸರ ಪಟ್ಟಿಯಲ್ಲೂ ಇರಲಿಲ್ಲ, ಏಕೆಂದರೆ ಅಲ್ಲಿ ಅವಳ ಗಳಿಕೆ ಸೊನ್ನೆ.

ಸಂಕ್ರಾಂತಿಗೆ ಬಂದವಳು ರ‍್ಯಾಕೆಟ್ಟನ್ನು ಅಟ್ಟದ ಮೇಲೆ ಹಾಕಿ ಪಡಸಾಲೆಯಲ್ಲಿ ಕೂತಳು. ಮೂರು ವಾರವಾದರೂ ಹಾಸ್ಟೆಲಿಗೆ ವಾಪಸ್ ಹೋಗುವ ಮಾತೇ ಇಲ್ಲ. “ನಾನೂ ಹೊಲಿಗೆ ಯೂನಿಟ್ಟಿಗೆ ಬತ್ತೀನಿ ಕಣಮ್ಮಾ,” ಎಂದು ಸರೋಜಳಿಗೆ ಹೇಳಿದಳು. “ಅಲ್ಲಿ ಹೋದ್ರೆ ಮೂವತ್ತು ವರ್ಷದೋರ ಜೊತೆ ಆಡ್ಬೇಕು. ನಾನು ಸುನ್ನಾ.” ಸೊನ್ನೆಗೆ ತೆಲುಗಿನಲ್ಲಿ ಸುನ್ನಾ ಎನ್ನುತ್ತಾರೆ. ದುಃಖದಲ್ಲಿ ಅವಳಿಗೆ ಹಾಸ್ಟೆಲಿನ ಭಾಷೆಯೇ ಬರುತ್ತದೆ. ನಾನು ಸೊನ್ನೆಯ ಮಹಿಮೆಯನ್ನು ಹೇಳಲು ಹೊರಟೆ. ಒಂದರ ಪಕ್ಕ ಕೂತರೆ ಹತ್ತಾಗುತ್ತದೆ, ನಮ್ಮ ಹಿರಿಯರು ಜಗತ್ತಿಗೇ ಕೊಟ್ಟದ್ದು, ಇತ್ಯಾದಿ. ಒಂಬತ್ತನೇ ತರಗತಿಯ ಕೊನೆಯ ಬೆಂಚಿನವರು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. ನನ್ನ ಫ್ಲೆಕ್ಸಿನ ಹಟಕ್ಕೆ ಒಂದು ಮಗುವಿನ ವರ್ಷ ಹೋಗಿತ್ತು.

ಆಗ ಬಾಯಿಬಿಟ್ಟವಳು ಸರೋಜ. ಅವಳು ಓದಿದ್ದು ಐದನೇ ಇಯತ್ತೆ.

“ಅಕ್ಕಯ್ಯ, ನೀನು ಸುಮ್ಕಿರು. ಏಯ್ ಭಾರತಿ, ಇಲ್ ಕೇಳು. ನಾನು ದಾರ ಕತ್ರಿಸೋ ಹೆಲ್ಪರಾಗಿದ್ದಾಗ ಇಡೀ ಯೂನಿಟ್ಟಿಗೇ ನಾನೇ ಫಸ್ಟು. ಬಂದೋರಿಗೆಲ್ಲ ಮಾಸ್ಟ್ರು ನನ್ನೇ ತೋರ್ಸೋರು. ಮೆಷಿನ್ ಮೇಲೆ ಕೂರ್ಸಿದ್ ದಿನ ಏನ್ ಕೊಟ್ರು ಗೊತ್ತಾ? ಹಳೇ ಪೇಪರು. ಸೂಜಿಗೆ ದಾರನೇ ಇಲ್ಲ. ಬರೀ ತೂತು. ಗೆರೆ ಮೇಲೆ ಸಾಲಾಗಿ ತೂತು ಬೀಳ್ಬೇಕು, ಅಷ್ಟೆ. ಪಕ್ಕದಾಗೆ ನನ್ಗಿಂತ ಚಿಕ್ಕೋರು ಪ್ಯಾಂಟ್ ಹೊಲೀತಾ ಅವ್ರೆ, ನಾನು ಪೇಪರ್ ತೂತು ಮಾಡ್ತಾ ಇವ್ನಿ. ಅಳು ಬಂತು. ದಾರ ಕತ್ರಿಸಾಕೇ ವಾಪಸ್ ಹೋಗ್ತೀನಿ ಅಂದೆ. ಅಲ್ಲಿ ನಾನೇ ಫಸ್ಟು ಅಲ್ವಾ?”

“ಆಮೇಲೆ?” ಎಂದಳು ಭಾರತಿ.

“ಆಮೇಲೇನು, ಹನ್ನೊಂದು ದಿನ ತೂತು ಮಾಡ್ದೆ. ಹನ್ನೆರಡನೇ ದಿನ ಜೇಬಿನ ಬಟ್ಟೆ ಕೊಟ್ರು.”

ಅಷ್ಟು ಹೇಳಿ ಸರೋಜ ಸೊಪ್ಪು ಬಿಡಿಸಲು ಹೋದಳು. ಈ ಪದ್ಧತಿ ನಮ್ಮ ಎಲ್ಲ ಯೂನಿಟ್ಟುಗಳಲ್ಲೂ ಇದೆ. ದಾರವಿಲ್ಲದ ಸೂಜಿಯಲ್ಲಿ ಕಾಗದ ಹೊಲಿಯದೆ ಯಾರೂ ಟೈಲರ್ ಆಗುವುದಿಲ್ಲ. ಈ ಊರಲ್ಲಿ ಇಷ್ಟು ವರ್ಷ ಬಾಳಿದ ನಾನು ಆ ತೂತು ಬಿದ್ದ ಕಾಗದಗಳಲ್ಲಿ ಕಟ್ಟಿಕೊಟ್ಟ ಬೋಂಡಾ ತಿಂದಿದ್ದೇನೆ, ಅವು ಏನೆಂದು ಕೇಳಿರಲಿಲ್ಲ. ಮರುದಿನ ಶಾಲೆಯಿಂದ ಬಂದಾಗ ರ‍್ಯಾಕೆಟ್ ಅಟ್ಟದಿಂದ ಇಳಿದಿತ್ತು.

ದಾವಣಗೆರೆಯ ಹೆಂಗಸರ ಟೂರ್ನಮೆಂಟಿಗೆ ನಾನೇ ಜೊತೆಗೆ ಹೋದೆ. ಪ್ರಾಯಶ್ಚಿತ್ತವೆಂದೇ ಇಟ್ಟುಕೊಳ್ಳಿ. ಅಂಕವಿಲ್ಲದವರು ಮೊದಲು ಅರ್ಹತಾ ಸುತ್ತು ಆಡಿ ಗೆದ್ದರೆ ಮಾತ್ರ ಮುಖ್ಯ ಸುತ್ತು. ಮೊದಲ ಪಂದ್ಯ ತನ್ನ ವಾರಿಗೆಯವಳೊಡನೆ, ಭಾರತಿ ಸಲೀಸಾಗಿ ಗೆದ್ದಳು. ಎರಡನೆಯದಕ್ಕೆ ಎದುರು ಬಂದಾಕೆಗೆ ಮೂವತ್ತರ ಹತ್ತಿರ ವಯಸ್ಸು. ಆಕೆಯ ಎರಡು ವರ್ಷದ ಮಗ ಅಜ್ಜಿಯ ತೊಡೆಯ ಮೇಲೆ ಬಿಸ್ಕತ್ತು ತಿನ್ನುತ್ತಿದ್ದ. ಸಣ್ಣ ಟೂರ್ನಮೆಂಟುಗಳಲ್ಲಿ ಅಂಪೈರ್ ಇರುವುದಿಲ್ಲ. ನಮ್ಮ ಕಡೆ ಬಿದ್ದ ಚೆಂಡು ಹೊರಗೆ ಹೋದರೆ ನಾವೇ ‘ಔಟ್’ ಎನ್ನಬೇಕು. ನಮ್ಮ ಹುಡುಗಿಗೆ ಬಾಯೇ ಬರಲಿಲ್ಲ. ವಯಸ್ಸಲ್ಲಿ ದೊಡ್ಡವರ ಮುಖಕ್ಕೆ ‘ನಿಮ್ಮದು ತಪ್ಪು’ ಎನ್ನಬಾರದೆಂದು ಕಲಿಸಿ ಬೆಳೆಸಿದ್ದೇವಲ್ಲ, ಅದೂ ಮುಖ್ಯವಾಗಿ ನಾನು! ಗೆರೆಯಿಂದ ಗೇಣು ಹೊರಗೆ ಬಿದ್ದ ಚೆಂಡುಗಳನ್ನೂ ಓಡಿ ಓಡಿ ಹೊಡೆದಳು. ಹೊರಗಿನವರು ಮಾತಾಡುವಂತಿಲ್ಲ. ಗಣಿತದ ಟೀಚರಿಗೆ ಎದುರಿಗೇ ತಪ್ಪು ಲೆಕ್ಕ ನಡೆಯುವಾಗ ಬಾಯಿ ಮುಚ್ಚಿ ಕೂರುವ ಶಿಕ್ಷೆ! ಸೆರಗು ಕಚ್ಚಿಕೊಂಡು ಕೂತೆ. ಕೊನೆಗೆ ಎರಡನೇ ಸೆಟ್ಟಿನ ನಡುವೆ ಭಾರತಿ ಬೆರಳೆತ್ತಿ, “ಔಟು... ಅಕ್ಕಾ,” ಎಂದಳು. ಆಕೆ ನಕ್ಕು, “ಸರಿ ತಂಗಿ,” ಎಂದಳು. ಆ ಸೆಟ್ಟು ನಮ್ಮದಾಯಿತು. ಮೂರನೆಯದು ಹೋಯಿತು, ಅದರೊಂದಿಗೆ ಪಂದ್ಯವೂ.

ನಾನು ಬಸ್ಸಿನ ವೇಳೆ ನೋಡತೊಡಗಿದೆ. ಫೇಲಾದ ಮೇಲೆ ಪರೀಕ್ಷಾ ಕೇಂದ್ರದಲ್ಲಿ ಏನು ಕೆಲಸ? ಆ ಅಕ್ಕನೇ ಮಗನನ್ನು ಎತ್ತಿಕೊಂಡು ಬಂದು ತಡೆದಳು. “ಹೋಗ್ಬೇಡಿ ಮೇಡಂ. ಬೆಳಗ್ಗೆ ಬಂದು ಸೋತವರ ಪಟ್ಟಿಗೆ ಸೈನ್ ಹಾಕಿ ಕಾಯ್ಲಿ. ಯಾರಾದ್ರೂ ಬರದೆ ಇದ್ರೆ ಆ ಜಾಗ ಸಿಗುತ್ತೆ. ನಂಗೂ ಮೊದಲ ಸಲ ಹಾಗೇ ಸಿಕ್ಕಿದ್ದು.” ಸೋತವರಿಗೂ ಒಂದು ಪಟ್ಟಿ ಇಟ್ಟ ಆಟದ ಮೇಲೆ ಆ ಕ್ಷಣ ನನಗೆ ಪ್ರೀತಿ ಹುಟ್ಟಿತು. ನನ್ನ ತರಗತಿಯಲ್ಲಿ ಅಂಥದೊಂದು ಪಟ್ಟಿ ಯಾವತ್ತೂ ಇರಲಿಲ್ಲ.

ಮರುದಿನ ಬೆಳಗ್ಗೆ ಭಾರತಿ ಸೈನ್ ಹಾಕಿ, ಶೂ ಕಟ್ಟಿಕೊಂಡಳು, ಇಬ್ಬರೂ ಬೇವಿನ ಮರದ ಕೆಳಗೆ ಕೂತೆವು. ಹತ್ತು ಗಂಟೆಗೆ ಯಾರದೋ ಕಾಲು ಉಳುಕಿದೆ ಎಂದು ಸುದ್ದಿ ಬಂತು. ದೇವರು ನನ್ನನ್ನು ಕ್ಷಮಿಸಲಿ, ನನಗೆ ಸಂತೋಷವಾಯಿತು. ಭಾರತಿಯ ಹೆಸರು ಕೂಗಿದರು. ಒಳಗೆ ಹೋದವಳು ಎರಡೂವರೆ ಗಂಟೆ ಆಡಿ ಗೆದ್ದಳು. ಹೊರಗೆ ಬಿದ್ದ ಪ್ರತಿ ಚೆಂಡಿಗೂ ಬೆರಳೆತ್ತಿದಳು, ‘ಅಕ್ಕಾ’ ಮಾತ್ರ ಬಿಡಲಿಲ್ಲ. ಅದರ ಮುಂದಿನ ಸುತ್ತಿನಲ್ಲಿ ಚೆನ್ನಾಗಿ ಸೋತಳು.

ಹೊಸ ಪಟ್ಟಿ ಬಂದಾಗ, ಆ ಒಂದು ಗೆಲುವಿನ ಅಂಕದಿಂದ, ಕೊನೆಯ ಪುಟದಲ್ಲಿ ಅವಳ ಹೆಸರಿತ್ತು. ದೇಶದ ಹೆಂಗಸರಲ್ಲಿ ನಾಲ್ಕುನೂರ ಹನ್ನೆರಡು. ನಲವತ್ತೊಂದರಿಂದ ನಾಲ್ಕುನೂರ ಹನ್ನೆರಡಕ್ಕೆ ಏರಿದಳು ಎಂದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ. ಸರೋಜ ಮಾತ್ರ ಕೇಳಿದ ಕೂಡಲೇ, “ಜೇಬಿನ ಬಟ್ಟೆ ಸಿಕ್ತು ಬಿಡು,” ಎಂದಳು. ಈಗ ನಾನು ಕೆಂಪು ಪೆನ್ನಿನಲ್ಲಿ ಸೊನ್ನೆ ಹಾಕಿದರೆ ಪಕ್ಕದಲ್ಲಿ ‘ಶುಕ್ರವಾರ ಮತ್ತೆ ಬರೆ’ ಎಂದೂ ಸೇರಿಸುತ್ತೇನೆ. ಮಕ್ಕಳಿಗೆ ಇದು ಹಳೆಯ ಶಿಕ್ಷೆಗಿಂತ ದೊಡ್ಡದೆನಿಸಿದೆಯಂತೆ.

ಹಳೆಯ ಫ್ಲೆಕ್ಸನ್ನು ಚೌಕದಿಂದ ಇಳಿಸಿಯಾಯಿತು. ಸರೋಜಳ ಯೂನಿಟ್ಟಿನಲ್ಲಿ ಜೀನ್ಸಿನ ಕಟ್ಟುಗಳ ಮೇಲೆ ಅದನ್ನು ಹೊದಿಸುತ್ತಾರೆ. ನನ್ನ ಕನ್ನಡಕದ ಮುಖ ಟೆಂಪೋದಲ್ಲಿ ಬಳ್ಳಾರಿಯವರೆಗೂ ಹೋಗಿ ಬರುತ್ತದೆ. ನಮ್ಮ ಯಜಮಾನರಿಗೆ ಇನ್ನೊಂದರ ಆಸೆ. ನಿನ್ನೆ ಮೆಲ್ಲಗೆ ಕೇಳಿದರು, “ಟೀಚರ‍್ರೇ, ನಾಕ್‌ನೂರ ಹನ್ನೆರಡು ಅಂತ ಹಾಕಿಸಿದ್ರ ಜನ ಏನಂತಾರ‍್ರಿ? ಮುಂದಿನ ತಿಂಗ್ಳ ಮತ್ತ ಬದ್ಲಾದ್ರ?”

ಬದಲಾಗಲೇಬೇಕು, ಅದಕ್ಕೇ ಅವಳು ಆಡುತ್ತಿರುವುದು, ಎಂದೆ. ಫ್ಲೆಕ್ಸು ಹಾಕಿಸಿ. ಅಂಗಡಿಯ ಹೆಸರೂ ಇರಲಿ, ಸ್ವಲ್ಪ ಸಣ್ಣದಾಗಿ. ರ‍್ಯಾಂಕಿನ ಜಾಗದಲ್ಲಿ ಮಾತ್ರ ಒಂದು ಕರಿಹಲಗೆ ಕಟ್ಟಿಸಿ. ಸೀಮೆಸುಣ್ಣ ನನ್ನ ಹತ್ತಿರ ಇದೆ.