ರೋಸ್‌ನ ಹಾಡಿಗೆ ಸಿನಿಮಾದ ಬಾಲ

ನನ್ನ ಮಾವ್ಶಿ, ಎಂದರೆ ತಾಯಿಯ ಅಕ್ಕ, ನಮ್ಮ ಮನೆಯಲ್ಲೇ ಇದ್ದರು. ಮಂಗಳೂರಿನ ಬಿಜೈ ಸುತ್ತಿನ ಕ್ರಿಶ್ಚಿಯನ್ ಮನೆಗಳಲ್ಲಿ ರೋಸ್‌ನ ಹಾಡು ಹೇಳುತ್ತಿದ್ದರು. ಮದುವೆಯ ಹಿಂದಿನ ಸಂಜೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರವೇ ರೋಸ್. ಆಗ ಒಬ್ಬರು ಕೊಂಕಣಿಯಲ್ಲಿ ಒಂದು ಸಾಲು ಎತ್ತುತ್ತಾರೆ, ಉಳಿದ ಹೆಂಗಸರು ಅದನ್ನೇ ತಿರುಗಿ ಹೇಳುತ್ತಾರೆ. ಮಾತನ್ನು ಮನೆಗೆ ತಕ್ಕಂತೆ ಹೊಸದಾಗಿ ಕಟ್ಟಬಹುದು, ಧಾಟಿಯನ್ನು ಮುಟ್ಟಬಾರದು.

ಅರುವತ್ತರ ದಶಕದ ಆರಂಭದಲ್ಲಿ ಚಪ್ಪರಗಳಿಗೆ ಹಂಪನಕಟ್ಟೆಯಿಂದ ಮೈಕ್ ಸೆಟ್ ಬರತೊಡಗಿತು, ಜತೆಗೆ ಹಿಂದಿ ಸಿನಿಮಾದ ರೆಕಾರ್ಡುಗಳು. ನೆರೆಯಲ್ಲೊಂದು ಮದುವೆ ಗೊತ್ತಾದಾಗ ಹುಡುಗಿಯ ತಾಯಿ ಬಂದು, "ನೀವು ಎರಡು ಸಾಲು ಹಾಡಿ ಬಾಯಿ, ಮತ್ತೆ ರೆಕಾರ್ಡ್ ಹಾಕ್ತೇವೆ. ಮಕ್ಕಳಿಗೆ ಅದೇ ಬೇಕಂತೆ" ಎಂದರು. ಹಿರಿಯ ಹೆಂಗಸರನ್ನು ನಮ್ಮಲ್ಲಿ 'ಬಾಯಿ' ಎಂದೇ ಕರೆಯುವುದು.

"ಮೊದಲು ನನ್ನ ಹಾಡು ಮುಗಿಯಲಿ. ಧಾಟಿ ಕೆಟ್ಟರೆ ಮತ್ತೆ ನನ್ನನ್ನು ಕರೆಯುವುದೇ ಬೇಡ," ಎಂದರು ಮಾವ್ಶಿ.

ಅಂಥ ಪಂತಕ್ಕೆ ಕಾರಣವಿತ್ತು. ಕೆಲವು ಮದುವೆಗಳಿಂದ ಸಾಲಿನ ಕೊನೆ ಯಾಕೋ ಮೇಲಕ್ಕೆ ಏಳುತ್ತಿತ್ತು, ಸಿನಿಮಾ ಹಾಡಿನ ಹಾಗೆ. ಯಾರೋ ಬೇಕೆಂದೇ ಕೆಡಿಸುತ್ತಿದ್ದಾರೆ ಎಂದು ಅವರಿಗೆ ಗುಮಾನಿ.

"ನೀನು ಪೇಪರಿನವನಲ್ವಾ? ಯಾರೂಂತ ನೋಡು ಮಾರಾಯ."

ನಾನು ನೋಡಿದೆ. ಮ್ಯಾಟಿನಿ ಮುಗಿಸಿ ಬರುವ ಹುಡುಗಿಯರು ಗುನುಗುತ್ತಿದ್ದರು. ಮದುವೆ ಬ್ಯಾಂಡಿನವನು ಕ್ಲಾರಿನೆಟ್ಟಿನಲ್ಲಿ ಅದೇ ಹಾಡುಗಳನ್ನು ಅಭ್ಯಾಸ ಮಾಡುತ್ತಿದ್ದ. ಎಲ್ಲರ ಮೇಲೂ ಸಂಶಯಪಡಬಹುದಿತ್ತು, ಯಾರ ಮೇಲೂ ಸಾಕ್ಷಿ ಇರಲಿಲ್ಲ. ನಮ್ಮ ಪತ್ರಿಕೆಯಲ್ಲಿ ಅಂಥ ಸುದ್ದಿ ಅಚ್ಚಿಗೆ ಹೋಗುತ್ತಿರಲಿಲ್ಲ. ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಜವಳಿ ವ್ಯಾಪಾರಿ ಹೊಸ ರೇಡಿಯೋ ತಂದು, ನಮ್ಮ ಅಡುಗೆಮನೆಗೆ ಎದುರಾದ ಕಿಟಕಿಯಲ್ಲಿ ಇಟ್ಟಿದ್ದರು. ಅದನ್ನು ಹೇಳಿದಾಗ ಮಾವ್ಶಿ, "ಅದು ಅವರ ಮನೆಯಲ್ಲಿ ಕೂಗುವುದು. ನಾನು ಕೇಳುವುದೇ ಇಲ್ಲ" ಎಂದು ಅರೆಯುವ ಕಲ್ಲಿನ ಮುಂದೆ ಮಸಾಲೆ ಕಡೆಯಲು ಕೂತರು.

ರೋಸ್‌ನ ಸಂಜೆ ಮೈಕಿನವನನ್ನು ಕೈ ಕಟ್ಟಿ ಕೂರಿಸಿ ಮಾವ್ಶಿ ಹಾಡು ಎತ್ತಿದರು. ಮೊದಲ ಸಾಲುಗಳು ನೇರ ಹೋದವು. ಮದುಮಗಳ ಅಪ್ಪನ ಹೆಸರು ಬರುವ ಸಾಲಿನ ಕೊನೆ ಮೇಲಕ್ಕೆದ್ದು ಒಂದು ಸುತ್ತು ತಿರುಗಿತು. ಹುಡುಗಿಯರು ಕಿಸಕ್ಕನೆ ನಕ್ಕು, ಅದನ್ನೇ ಜೋರಾಗಿ ತಿರುಗಿ ಹೇಳಿದರು.

ಮಾವ್ಶಿ ನಿಲ್ಲಿಸಿದರು. "ಯಾರು ತಿರುಗಿಸಿದ್ದು?"

ವ್ಯಾಪಾರಿಯ ಹೆಂಡತಿ ಅತಿಥಿಯಾಗಿ ಬಂದು ಮೂಲೆಯಲ್ಲಿ ಕೂತಿದ್ದರು. ಅವರೇ ಮೆಲ್ಲನೆ, "ನೀವೇ ಬಾಯಿ. ಅದು ನಮ್ಮ ರೇಡಿಯೋದ ಹಾಡು" ಎಂದರು.

"ನಾನು ರೇಡಿಯೋ ಕೇಳುವುದೇ ಇಲ್ಲ!"

"ಕೇಳ್ಲಿಕ್ಕೆ ಎಂತ ಉಂಟು? ದಿನಾ ನೀವು ಕಡೆಯುವುದೇ ಆ ತಾಳಕ್ಕೆ. ನಮ್ಮ ಹಾಡು ನಿಂತರೆ ನಿಮ್ಮ ಕಲ್ಲೂ ನಿಲ್ತದೆ."

ಚಪ್ಪರವೆಲ್ಲ ನಕ್ಕಿತು. ಮಾವ್ಶಿ ನಗಲಿಲ್ಲ. ಕೈಗೆ ಹತ್ತಿದ ತೆಂಗಿನ ಹಾಲು ಒರಸಿಕೊಂಡು ಎದ್ದು, ಮೈಕಿನವನಿಗೆ "ಹಾಕು" ಎಂದರು. ಧಾಟಿ ಕೆಟ್ಟರೆ ಹಾಡುವುದಿಲ್ಲವೆಂದು ಮಾತು ಕೊಟ್ಟಾಗಿತ್ತು. ಅವನು ರೆಕಾರ್ಡಿನ ಮೇಲೆ ಮುಳ್ಳು ಇಳಿಸುವಷ್ಟರಲ್ಲಿ, ಹಾಲು ತೊಟ್ಟಿಕ್ಕುತ್ತಿದ್ದ ಮದುಮಗಳು ಅವರ ಸೆರಗು ಹಿಡಿದಳು.

"ಆ ರೆಕಾರ್ಡಿಗೆ ನನ್ನ ಅಪ್ಪನ ಹೆಸರು ಬರ್ತದಾ? ಕೂತ್ಕೊಳ್ಳಿ ಬಾಯಿ."

ಮಾವ್ಶಿ ಕೂತರು. ಉಳಿದದ್ದನ್ನು ಪ್ರತಿ ಸಾಲಿನ ಕೊನೆಗೂ ಕಾವಲು ನಿಂತವರಂತೆ ನಿಧಾನವಾಗಿ ಹಾಡಿ ಮುಗಿಸಿದರು.

ಮರುದಿನದಿಂದ ರೇಡಿಯೋ ಶುರುವಾಗುವ ಮೊದಲೇ ಕಡೆಯುವ ಕೆಲಸ ಮುಗಿಯತೊಡಗಿತು. ಹಾಡಲು ಬರುವ ಕರೆಗಳು ನಿಲ್ಲಲಿಲ್ಲ. ಮುಂದಿನ ರೋಸ್‌ಗೆ ನಾನೂ ಹೋಗಿ ಕಿವಿಗೊಟ್ಟು ಕೂತೆ. ಎಲ್ಲ ಸರಿಯಿತ್ತು. ಕೊನೆಯ ಸಾಲಿನ ತುದಿ ಮಾತ್ರ ಒಂದಿಷ್ಟು ಎದ್ದಂತೆ ಕೇಳಿಸಿತು. ಹೆಂಗಸರು ಹಾಗೆಯೇ ತಿರುಗಿ ಹೇಳಿದರು. ಮಾವ್ಶಿ ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.