ಇಂಬಳ ಕಲಿಸಿದ ನಟನೆ

ದೇವರಿಗಿಂತ ಮೊದಲು ಸ್ವಂತ ಪಾದಗಳಿಗೆ ತಲೆಬಾಗುವ ಭಕ್ತರನ್ನು ನೋಡಬೇಕೆಂದರೆ ಮಳೆಗಾಲದಲ್ಲಿ ನಮ್ಮ ಮನೆಗೆ ಬನ್ನಿ. ಕಾಫಿ ತೋಟ ದಾಟಿ ಬಂದವರು ನೆಂಟರಾಗಲಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರಾಗಲಿ, ಮೆಟ್ಟಿಲ ಬಳಿ ಬಗ್ಗಿ, ಬೆರಳ ಸಂದು ಬಿಡಿಸಿ, ರಕ್ತ ಹೀರುವ ಇಂಬಳ ಅಂಟಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕುಶಲಪ್ರಶ್ನೆ. ಅಂಟಿದ್ದರೆ ಕಾಲು ಝಾಡಿಸಿ, ಜಗಲಿಯ ಡಬ್ಬಿಯಿಂದ ಚಿಟಿಕೆ ಉಪ್ಪು ಹಾಕುತ್ತಾರೆ.

ನಾನಿಂದು ರಂಗದಲ್ಲೂ ಟಿವಿಯಲ್ಲೂ ಜನರನ್ನು ನಗಿಸಿ ಬದುಕುತ್ತಿರುವುದು ಆ ಯಃಕಶ್ಚಿತ್ ಜೀವಿಯ ಕೃಪೆಯಿಂದ ಎಂದರೆ ನೀವು ನಂಬಲಿಕ್ಕಿಲ್ಲ. ಕಾಲೇಜಿನ ದಿನಗಳಲ್ಲಿ, ಮೂರ್ನಾಡಿನ ಸಭಾಂಗಣವೊಂದರಲ್ಲಿ ನಾನು ಶೋಕತಪ್ತ ಮಹಾರಾಣಿ. ಪತಿಯ ಕಳೇಬರದ ಮೇಲೊರಗಿ ಕರುಣರಸದ ಕೋಡಿ ಹರಿಸುತ್ತಿದ್ದಾಗ ಹಿಮ್ಮಡಿಯ ಬಳಿ ತಣ್ಣಗೆ ಏನೋ ಹರಿದಾಡಿತು. ಕೈ ಪತಿಯ ಎದೆಯ ಮೇಲೇ ಇತ್ತು, ವಿಲಾಪವೂ ನಿಲ್ಲಲಿಲ್ಲ. ಕಾಲು ಮಾತ್ರ ನಮ್ಮೂರಿನ ಕಾಲು, ತನ್ನಷ್ಟಕ್ಕೆ ಮೇಲೆದ್ದು ಪಟಪಟ ಝಾಡಿಸಿಕೊಂಡಿತು. ಇಡೀ ಸಭೆ ಮೊದಲು ಬಗ್ಗಿ ತಂತಮ್ಮ ಕಾಲು ನೋಡಿಕೊಂಡು, ಆಮೇಲೆ ಹೊಟ್ಟೆ ಹಿಡಿದು ನಕ್ಕಿತು. ನನ್ನ ಪತಿಯ ಹೆಣವೂ ನಕ್ಕಿತು.

ನಗದೆ ಕೂತವಳು ಅವ್ವ ಒಬ್ಬಳೇ. “ಸತ್ತ ಗಂಡನ ಮುಂದೆ ಕುಣಿವ ರಾಣಿ ಎಲ್ಲಾದ್ರೂ ಉಟ್ಟಾ?” ಎಂದು, ಅಂಥವಳು ಎಲ್ಲೂ ಇಲ್ಲವೆಂಬಂತೆ ಕೇಳಿದವಳು ಮತ್ತೆ ನನ್ನ ನಾಟಕಕ್ಕೆ ಬರಲಿಲ್ಲ. ಕಾಲು ಝಾಡಿಸುವ ಆ ವರಸೆಯೇ ನನ್ನ ಗುರುತಾಗಿ, ಧಾರಾವಾಹಿಯ ಜಗಳಗಂಟಿ ಅತ್ತೆಯಾಗಿ ನಾನು ಮನೆಮಾತಾದರೂ, ನನ್ನ ಮುಖ ಟಿವಿಯಲ್ಲಿ ಕಂಡೊಡನೆ ಅವ್ವನಿಗೆ ಅಡುಗೆಮನೆಯ ಕೆಲಸ ನೆನಪಾಗುತ್ತಿತ್ತು. ಮಗಳನ್ನು ನೋಡಿ ಊರೆಲ್ಲ ನಗುತ್ತದೆಂಬುದು ಅವಳ ಸಂಕಟ. ಅವಳೊಬ್ಬಳು ನಗಲಿಲ್ಲವೆಂಬುದು ನನ್ನದು. ಸನ್ಮಾನದ ಶಾಲುಗಳಿಂದ ಕಪಾಟು ತುಂಬಿದರೂ ಈ ಕೊರತೆ ತುಂಬಲಿಲ್ಲ.

ಕಳೆದ ಮಳೆಗಾಲ ವಿರಾಜಪೇಟೆಯಲ್ಲಿ ನನ್ನ ಏಕವ್ಯಕ್ತಿ ಪ್ರದರ್ಶನ. ತಂಗಿ ಅದ್ಯಾವ ಉಪಾಯ ಮಾಡಿದಳೋ, ಅವ್ವ ಮೊದಲ ಸಾಲಿನಲ್ಲಿ ಕೂತಿದ್ದಳು! ಆದರೂ ಅದೇ ಮಹಾರಾಣಿಯ ಕಥೆ ಎತ್ತಿಕೊಂಡೆ. ವಿಲಪಿಸಿದೆ, ಕಾಲು ಝಾಡಿಸಿದೆ. ಸಭೆ ಭೋರ್ಗರೆಯಿತು. ಅವ್ವ ನಗಲಿಲ್ಲ, ಮೆಲ್ಲಗೆ ಬಗ್ಗಿ, ಸೀರೆಯ ಅಂಚು ಎತ್ತಿ, ತನ್ನ ಕಾಲು ನೋಡಿಕೊಂಡಳು. ಅಲ್ಲೇನೂ ಇರಲಿಲ್ಲ. ತಲೆಯೆತ್ತಿದಾಗ ನಾನು ನೋಡುತ್ತಿರುವುದನ್ನು ಕಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು! ನನಗಂತೂ ಆನಂದ ತಡೆಯಲಾಗದೆ ಮುಂದಿನ ಮಾತೇ ಮರೆತುಹೋಯಿತು.

ಮನೆಗೆ ಬಂದು ಮೆಟ್ಟಿಲ ಬಳಿ ಇಬ್ಬರೂ ಎಂದಿನಂತೆ ಬಗ್ಗಿದೆವು. ಅವ್ವನ ಬೆರಳ ಸಂದಿನಲ್ಲಿ ಈ ಸಲ ಇಂಬಳ ನಿಜವಾಗಿಯೂ ಇತ್ತು. ನಾನು ಉಪ್ಪಿನ ಡಬ್ಬಿ ಚಾಚಿದೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ, ಜಗಲಿಯ ಕಂಬ ಹಿಡಿದು, ಕಾಲನ್ನು ರಂಗದಲ್ಲಿ ನಾನೆತ್ತಿದ್ದಕ್ಕಿಂತ ಮೇಲಕ್ಕೆತ್ತಿ ಪಟಪಟ ಝಾಡಿಸಿ ತೋರಿಸಿದಳು.

“ಇಷ್ಟು ಮೇಲೆ ಎತ್ತೊಕು, ಮಗಳೇ.”