ಎರಡು ಗೇಣು ಬಿಗಿ ನೇಯ್ಗಿ

ಗೆಳತೇರ, ಮಧ್ಯಾಹ್ನ ಏನಾತು ಕೇಳ್ರಿ.

ಇವತ್ತ ಮಗ್ಗದಿಂದ ಇಳಿಸಿದ ಇಳಕಲ್ ಸೀರಿ ಮ್ಯಾಲ ನಮ್ಮ ಅತ್ತಿ ಕೈ ಆಡಿಸ್ಕೋತ ಬಂದವ್ರು ಒಂದು ಕಡೆ ನಿಂತ್ರು. "ಇಲ್ಲಿ ಎರಡು ಗೇಣು ನೇಯ್ಗಿ ಬಿಗಿ ಆಗೇತಿ. ಸಿಟ್ಟಿನ್ಯಾಗ ಜೋರ ಹೊಡದು ನೇದೀ. ಯಾರ ಮ್ಯಾಲ?"

"ಯಾರ ಮ್ಯಾಲೂ ಇಲ್ರಿ" ಅನ್ನಾಕ ಹೋದೆ. ಬಾಯಿಂದ "ನಿಮ್ಮ ಮ್ಯಾಲ ರೀ ಅತ್ತಿ" ಅಂತ ಬಂತು. ಅವರಿಗಿಂತ ನಾನ ಹೆಚ್ಚು ಗಾಬರಿ ಆದೆ. ಮೊನ್ನೆ ಅತ್ತಿ ಬೀಗರ ಮುಂದ ನನ್ನ ಅಡಗಿ ಆಡಿಕೊಂಡಿದ್ರು. ಮರತೇನಿ ಅಂತ ತಿಳಿದಿದ್ದೆ.

ಅತ್ತಿ ಆ ಬಿಗಿ ಜಾಗಾ ಮತ್ತೊಮ್ಮೆ ಸವರಿದ್ರು. ಆಮ್ಯಾಲ, "ಇನ್ನ ಮ್ಯಾಲ ನನಗ ಬೈ. ಸೀರಿಗ್ಯಾಕ ಹೊಡೀತಿ?" ಅಂದ್ರು.

ಸಂಜಿಗೆ ಇದ್ಯಾವುದೂ ಗೊತ್ತಿಲ್ಲದ ಗಂಡ ಬಂದು ಅದ ಜಾಗಾ ಮುಟ್ಟಿ ನೋಡಿದ್ರು. "ಭಾಳ ಗಟ್ಟಿ ಬಂದೇತಿ, ದಿನಾ ಹಿಂಗ ನೇಯಿ" ಅಂದ್ರು.